ಬೀಜ ಕೊಳ್ಳುವ ಮುಂಚೆ ತಿಂಗಳು ನೋಡಿ

ತಾರಸಿ ತೋಟ ಅಂದ ತಕ್ಷಣ ಎಲ್ಲರೂ ಕುಂಡ, ಗ್ರೋ ಬ್ಯಾಗ್, ಕೊಕೊಪೀಟ್ ಲೆಕ್ಕಕ್ಕೆ ಇಳಿಯುತ್ತಾರೆ. ಅದೆಲ್ಲ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ಪ್ಲಾನ್ ಶುರುವಾಗುವುದು ಕ್ಯಾಲೆಂಡರಿನಿಂದ. ಬೆಂಗಳೂರಿನಲ್ಲಿ ಏನು ಹಾಕಿದರೂ ಮೊಳೆಯುತ್ತದೆ, ಕಾಯಿ ಬಿಡುವುದು ಮಾತ್ರ ಅದರದರ ಕಾಲಕ್ಕೆ.

ಅವರೆಯನ್ನೇ ತಗೊಳ್ಳಿ. ನಾಟಿ ಅವರೆ ಹೂ ಬಿಡುವುದು ಹಗಲು ಚಿಕ್ಕದಾದ ಮೇಲೆಯೇ. ಜನವರಿಯ ಸಂತೆಯಲ್ಲಿ ರಾಶಿ ನೋಡಿ ಆಸೆಪಟ್ಟು ಫೆಬ್ರವರಿಯಲ್ಲಿ ಬೀಜ ಊರಿದರೆ, ಬೇಸಿಗೆಯಿಡೀ ಬಳ್ಳಿ ಸೊಂಪಾಗಿ ಹಬ್ಬುತ್ತದೆ, ನೀರು ಹೊತ್ತಿದ್ದೇ ಬಂತು, ಹೂವಿನ ಸುಳಿವೇ ಇರುವುದಿಲ್ಲ. ಮುಂಗಾರಿನಲ್ಲಿ, ಜುಲೈ ಹೊತ್ತಿಗೆ ಹಾಕಿ. ಅಷ್ಟು ಕಾಯೋಕಾಗಲ್ಲ ಅನ್ನುವವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್ ತಳಿಗಳಿವೆ. ಗಿಡ್ಡ ಪೊದೆ, ಚಪ್ಪರ ಬೇಡ, ಹಗಲು ಉದ್ದವೋ ಚಿಕ್ಕದೋ ಅಂತ ಕೇಳುವುದೂ ಇಲ್ಲ. ಸೊಗಡು? ಅದಕ್ಕೆ ಧನುರ್ಮಾಸದ ಇಬ್ಬನಿಯೇ ಬೀಳಬೇಕು ಅನ್ನುವುದು ನನ್ನ ಹಟ, ಇದರಲ್ಲಿ ಜಗಳ ಬೇಡ.

ಹೀರೆಗೆ ತಿಂಗಳಷ್ಟೇ ಸಾಲದು, ಗಂಟೆಯನ್ನೂ ನೋಡಬೇಕು. ಹೂ ಬೇಕಾದಷ್ಟು ಬಿಡುತ್ತದೆ, ಹೀಚೆಲ್ಲ ಹಳದಿಯಾಗಿ ಉದುರುತ್ತದೆ ಅನ್ನುವುದು ಎಲ್ಲರ ದೂರು ಅಲ್ವಾ? ಸುಮ್ನೆ ಗೊಬ್ಬರ ಸುರಿಯುವ ಬದಲು ಸಂಜೆ ಆರರ ಹೊತ್ತಿಗೆ ತಾರಸಿಗೆ ಹೋಗಿ. ಹೀರೆ ಹೂ ಅರಳುವುದೇ ಸಂಜೆ. ನಾಲ್ಕನೇ ಮಹಡಿಗೆ ಆ ಹೊತ್ತಿನಲ್ಲಿ ಯಾವ ದುಂಬಿ ಬರಬೇಕು, ಆ ಕೆಲಸ ನಾವೇ ಮಾಡಬೇಕು. ಗೊಂಚಲಲ್ಲಿ ಬರುವುದು ಗಂಡು ಹೂ. ಒಂಟಿಯಾಗಿ, ಬುಡದಲ್ಲಿ ಸಣ್ಣ ಹೀಚು ಹೊತ್ತು ನಿಂತದ್ದು ಹೆಣ್ಣು. ಆಗಷ್ಟೇ ಅರಳಿದ ಗಂಡು ಹೂ ಕಿತ್ತು, ಎಸಳು ತೆಗೆದು, ನಡುವಿನ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿ. ಬೆರಳಿಗೆ ಅರಿಶಿನದ ಹಾಗೆ ಅಂಟಿದರೆ ಪುಡಿ ಚೆನ್ನಾಗಿದೆ ಅಂತ ಅರ್ಥ. ಕೆಲವೇ ದಿನದಲ್ಲಿ ಹೀಚು ಉದ್ದವಾಗತೊಡಗುತ್ತದೆ.

ಕೊತ್ತಂಬರಿಯನ್ನು ಏಪ್ರಿಲ್ ಬಿಸಿಲಿಗೆ ಒಡ್ಡಬೇಡಿ, ಸೊಪ್ಪು ಕೈಗೆ ಬರುವ ಮೊದಲೇ ಹೂ ಬಿಟ್ಟು ಕೂರುತ್ತದೆ. ಆ ಕುಂಡಕ್ಕೆ ಹರಿವೆ ಸಾಕು, ಅರ್ಕಾ ಸುಗುಣ ಸಿಕ್ಕರೆ ಇನ್ನೂ ಒಳ್ಳೆಯದು, ಕೊಯ್ದ ಹಾಗೆ ಮತ್ತೆ ಚಿಗುರುತ್ತದೆ.

ಟೊಮೇಟೊಗೆ ಅರ್ಕಾ ರಕ್ಷಕ್ ಹಾಕಿದ್ದೇನೆ, ಎಲೆ ಮುರುಟು ರೋಗಕ್ಕೆ ಅಷ್ಟು ಬೇಗ ಬಗ್ಗುವುದಿಲ್ಲ. ಆದರೆ ಅದು ಹೈಬ್ರಿಡ್. ಹಣ್ಣಿನ ಬೀಜ ಎತ್ತಿಟ್ಟು ಹಾಕಿದರೆ ಅಂಥದ್ದೇ ಗಿಡ ಬರುವ ಗ್ಯಾರಂಟಿ ಇಲ್ಲ, ಪ್ರತಿ ಸಲ ಹೊಸ ಪ್ಯಾಕೆಟ್ ತರಬೇಕು. ನಾಟಿ ಹೀರೆಗೆ ಆ ರಗಳೆ ಇಲ್ಲ. ಒಂದು ಕಾಯಿಯನ್ನು ಬಳ್ಳಿಯಲ್ಲೇ ಬಿಟ್ಟು, ಅಲ್ಲಾಡಿಸಿದರೆ ಬೀಜ ಗಲಗಲ ಅನ್ನುವಷ್ಟು ಒಣಗಿದ ಮೇಲೆ ಕಿತ್ತರೆ ಆಯಿತು. ನಾರು ಪಾತ್ರೆ ಉಜ್ಜಲು ಬರುತ್ತದೆ.