ಒಂದು ಒಳ್ಳೆಯ ಹೋಮ್ ನೋಡಿ ಸೇರಿಸಿಬಿಟ್ಟರೆ ಆಗುವುದಿಲ್ಲವೇ?

ನಾನು ಅಮೆರಿಕದ ಒಂದು ರಾಜ್ಯದಲ್ಲಿ ಸರ್ವಿಸ್ ಕೋಆರ್ಡಿನೇಟರ್. ಅಂಗವೈಕಲ್ಯ ಇರುವ ವಯಸ್ಕರು ತಮ್ಮ ಮನೆಯಲ್ಲಿ, ತಮ್ಮ ಊರಿನಲ್ಲೇ ಬದುಕಲು ಬೇಕಾಗುವ ಸರ್ಕಾರಿ ಸೇವೆಗಳನ್ನು ಹುಡುಕಿ, ಒಂದಕ್ಕೊಂದು ಹೊಂದಿಸಿ, ತಪ್ಪದಂತೆ ನಡೆಸುವುದು ನನ್ನ ಕೆಲಸ. ಇಷ್ಟು ಹೇಳಿ ಮುಗಿಸುವುದರೊಳಗೆ ಎದುರಿನವರ ಪ್ರಶ್ನೆ ಸಿದ್ಧವಾಗಿರುತ್ತದೆ: “ಇಷ್ಟೆಲ್ಲ ಒದ್ದಾಡುವ ಬದಲು ಅವರನ್ನು ಒಂದು ಒಳ್ಳೆಯ ಹೋಮ್ ನೋಡಿ ಸೇರಿಸಿಬಿಟ್ಟರೆ ಆಗುವುದಿಲ್ಲವೇ?” ಕನ್ನಡ ಕೂಟದ ಊಟದ ಸಾಲಿನಲ್ಲಿ ಕೇಳಿದ್ದಾರೆ, ಊರಿಗೆ ಹೋದಾಗ ಬಂಧುಗಳು ಕೇಳಿದ್ದಾರೆ, ಮಗುವಿನ ಹುಟ್ಟುಹಬ್ಬದ ಮನೆಯಲ್ಲಿ ತಟ್ಟೆ ಹಿಡಿದುಕೊಂಡೇ ಕೇಳಿದ್ದಾರೆ. ಬಾಯಲ್ಲಿ ಉತ್ತರ ಹೇಳಿ ಸಾಕಾಗಿದೆ.

ಆಗುವುದಿಲ್ಲ.

ಏಕೆ ಎಂದರೆ, ಸೇರಿಸುವುದು ಕಷ್ಟವೆಂದಲ್ಲ. ಈ ದೇಶದಲ್ಲಿ ಅದೇ ಎಲ್ಲಕ್ಕಿಂತ ಸುಲಭ. 1965ರಲ್ಲಿ ಮೆಡಿಕೇಡ್ ಎಂಬ ಯೋಜನೆ ಬಂತು. ಕಡಿಮೆ ಆದಾಯದವರ, ಅಂಗವೈಕಲ್ಯ ಇರುವವರ ಆರೋಗ್ಯದ ಖರ್ಚನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಹಂಚಿಕೊಂಡು ಭರಿಸುವ ಯೋಜನೆ. ಅರ್ಹ ವಯಸ್ಕರಿಗೆ ನರ್ಸಿಂಗ್ ಹೋಮಿನ ಖರ್ಚು ಕೊಡುವುದು ಅದರಲ್ಲಿ ಪ್ರತಿ ರಾಜ್ಯಕ್ಕೂ ಕಡ್ಡಾಯ. (ಇಲ್ಲಿ ನರ್ಸಿಂಗ್ ಹೋಮ್ ಎಂದರೆ ನಮ್ಮ ಕಡೆಯ ಖಾಸಗಿ ಆಸ್ಪತ್ರೆಯಂಥದ್ದಲ್ಲ, ವರ್ಷಗಟ್ಟಲೆ ಆರೈಕೆ ಬೇಕಾದವರನ್ನು ಇರಿಸಿಕೊಳ್ಳುವ ಸಂಸ್ಥೆ.) ಅದೇ ಆರೈಕೆಯನ್ನು ಮನೆಗೆ ತಲುಪಿಸುವುದು ಮಾತ್ರ ಬಹುಮಟ್ಟಿಗೆ ರಾಜ್ಯಗಳ ಇಷ್ಟಕ್ಕೆ ಬಿಟ್ಟ ವಿಷಯ. ಇಷ್ಟೇ ಜನಕ್ಕೆ ಎಂದು ರಾಜ್ಯ ಮಿತಿ ಹಾಕಬಹುದು, ಉಳಿದವರ ಹೆಸರನ್ನು ಕಾಯುವ ಪಟ್ಟಿಗೆ ಸೇರಿಸಬಹುದು. ಹಾಗೆ ಕಾಯುತ್ತಿರುವವರು ದೇಶದಲ್ಲಿ ಲಕ್ಷಾಂತರ ಜನ. ಕೆಲವು ರಾಜ್ಯಗಳಲ್ಲಿ ಸರದಿ ಬರಲು ಹತ್ತು ವರ್ಷವೂ ಸಾಲದು. ಇನ್ನೂ ಒಂದು ವಿಚಿತ್ರ ಕೇಳಿ. ನರ್ಸಿಂಗ್ ಹೋಮಿಗೆ ಸೇರಿದರೆ ಕೋಣೆ, ಊಟ ಎಲ್ಲವೂ ಮೆಡಿಕೇಡ್ ಲೆಕ್ಕಕ್ಕೆ. ಮನೆಯಲ್ಲೇ ಇದ್ದರೆ ಸಹಾಯಕರ ಸಂಬಳಕ್ಕೆ ಹಣ ಬರುತ್ತದೆಯೇ ಹೊರತು ಬಾಡಿಗೆಗೂ ಅಡುಗೆಮನೆಗೂ ಒಂದು ಡಾಲರ್ ಬರುವುದಿಲ್ಲ. ಸೇರಿಸಿ ಎಂದು ನೀವು ನನಗೆ ಬುದ್ಧಿ ಹೇಳಬೇಕಾಗಿಲ್ಲ. ಆ ಮಾತನ್ನು ಕಾನೂನು ಅರವತ್ತು ವರ್ಷಗಳಿಂದ ಹೇಳುತ್ತಿದೆ, ನಾವು ಅದರ ಎದುರು ಈಜುತ್ತಿದ್ದೇವೆ.

ಸೇರಿಸಿಯೂ ನೋಡಿದ್ದಾಗಿದೆ. ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನಲ್ಲಿ ವಿಲೋಬ್ರೂಕ್ ಎಂಬ ಸರ್ಕಾರಿ ಸಂಸ್ಥೆ ಇತ್ತು. 4,000 ಜನರಿಗೆಂದು ಕಟ್ಟಿದ ಜಾಗದಲ್ಲಿ 1960ರ ದಶಕದಲ್ಲಿ 6,000ಕ್ಕೂ ಹೆಚ್ಚು ಜನರನ್ನು ತುಂಬಿದ್ದರು. 1972ರಲ್ಲಿ ಜೆರಾಲ್ಡೊ ರಿವೇರಾ ಎಂಬ ಟಿವಿ ವರದಿಗಾರ ಕ್ಯಾಮೆರಾದೊಂದಿಗೆ ಒಳಗೆ ನುಗ್ಗಿದಾಗ ಮೈಮೇಲೆ ಬಟ್ಟೆಯಿಲ್ಲದ ಮಕ್ಕಳು ಕೊಳಕಿನಲ್ಲಿ ಕುಳಿತಿದ್ದುದನ್ನು ದೇಶವೆಲ್ಲ ನೋಡಿತು. ಅದನ್ನು ಪೂರ್ತಿ ಮುಚ್ಚಲು 1987ರವರೆಗೆ ಹಿಡಿಯಿತು. ಆ ಮಕ್ಕಳನ್ನು ಅಲ್ಲಿ ಬಿಟ್ಟುಬಂದವರು ಕಟುಕರಲ್ಲ. ಒಳ್ಳೆಯ ಜಾಗ ಎಂದು ನಂಬಿದ ತಾಯಿತಂದೆಯರು.

ಅಯೋವಾ ರಾಜ್ಯದ ಕೇಟಿ ಬೆಕೆಟ್ ಎಂಬ ಹುಡುಗಿಯ ಕತೆಯನ್ನೂ ಹೇಳಲೇಬೇಕು. 1978ರಲ್ಲಿ ಹುಟ್ಟಿದ ಆ ಕೂಸಿಗೆ ಆರು ತಿಂಗಳು ತುಂಬುವ ಮೊದಲೇ ಮಿದುಳಿನ ಉರಿಯೂತ ಬಂದು, ಉಸಿರಾಟಕ್ಕೆ ವೆಂಟಿಲೇಟರ್ ಬೇಕಾಯಿತು. ಮಾತು ಕಲಿಯುವ ವಯಸ್ಸನ್ನೆಲ್ಲ ಅವಳು ಆಸ್ಪತ್ರೆಯಲ್ಲೇ ಕಳೆದಳು. ಮನೆಗೆ ಕರೆದುಕೊಂಡು ಹೋಗಬಹುದು ಎನ್ನುವಷ್ಟು ಚೇತರಿಸಿಕೊಂಡ ಮೇಲೂ ಹೋಗುವಂತಿರಲಿಲ್ಲ. ಆಸ್ಪತ್ರೆಯಲ್ಲಿ ಇರುವಷ್ಟು ದಿನ ಖರ್ಚು ಮೆಡಿಕೇಡಿನದು, ಮನೆಗೆ ಹೋದರೆ ತಾಯಿತಂದೆಯ ಆದಾಯ ಲೆಕ್ಕಕ್ಕೆ ಬಂದು ಅದು ನಿಂತುಹೋಗುತ್ತಿತ್ತು. ಮನೆಯ ಆರೈಕೆಗೆ ಆಸ್ಪತ್ರೆಯ ಖರ್ಚಿನ ಒಂದು ಸಣ್ಣ ಪಾಲು ಸಾಕಾಗಿದ್ದರೂ ಹೀಗೆ. 1981ರ ನವೆಂಬರಿನಲ್ಲಿ ಅಧ್ಯಕ್ಷ ರೇಗನ್ ಪತ್ರಿಕಾಗೋಷ್ಠಿಯಲ್ಲಿ ಇದನ್ನು ಪ್ರಸ್ತಾಪಿಸಿದರು. ಮರುತಿಂಗಳೇ ಕೇಟಿ ಮನೆಗೆ ಬಂದಳು. ಅವಳು 34 ವರ್ಷ ಬದುಕಿದಳು, ದೊಡ್ಡವಳಾದ ಮೇಲೆ ತನ್ನಂಥವರ ಪರವಾಗಿ ದನಿ ಎತ್ತಿದಳು. ನಾನು ದಿನವೂ ಹೆಣಗುವ ‘ವೇವರ್’ ಎಂಬ ವ್ಯವಸ್ಥೆ ಹುಟ್ಟಿದ್ದೂ ಅದೇ 1981ರಲ್ಲಿ: ಸಂಸ್ಥೆಗೆ ಸೇರಬೇಕಾದಷ್ಟು ಆರೈಕೆ ಬೇಕಿರುವವರಿಗೆ ಅದೇ ಹಣದ ಮಿತಿಯೊಳಗೆ ಮನೆಯಲ್ಲೇ ಸೇವೆ ಕೊಡಲು ರಾಜ್ಯಗಳಿಗೆ ಸಿಕ್ಕ ಅನುಮತಿ.

ಹಕ್ಕು ಎಂಬ ಮಾತು ಬಂದದ್ದು ಇನ್ನೂ ತಡವಾಗಿ. ಜಾರ್ಜಿಯಾ ರಾಜ್ಯದ ಲೋಯಿಸ್ ಕರ್ಟಿಸ್ ಮತ್ತು ಎಲೇನ್ ವಿಲ್ಸನ್ ಎಂಬ ಇಬ್ಬರು ಮಹಿಳೆಯರು ಹೊರಗೆ ಬದುಕಬಲ್ಲರು ಎಂದು ಅವರ ವೈದ್ಯರೇ ಹೇಳಿದ ಮೇಲೂ ಸರ್ಕಾರಿ ಆಸ್ಪತ್ರೆಯೊಳಗೇ ಉಳಿಯಬೇಕಾಯಿತು. ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1999ರ ಜೂನ್ 22ರಂದು ತೀರ್ಪು ಕೊಟ್ಟಿತು. ಕಾರಣವಿಲ್ಲದೆ ಜನರನ್ನು ಸಂಸ್ಥೆಗಳಲ್ಲಿ ಇರಿಸುವುದು ತಾರತಮ್ಯ ಎಂದು ನ್ಯಾಯಮೂರ್ತಿ ರುತ್ ಬೇಡರ್ ಗಿನ್ಸ್‌ಬರ್ಗ್ ಬರೆದರು. ಕರ್ಟಿಸ್ ಹೊರಬಂದು ಚಿತ್ರ ಕಲಾವಿದೆಯಾದರು, 2011ರಲ್ಲಿ ಶ್ವೇತಭವನಕ್ಕೆ ಹೋಗಿ ಅಧ್ಯಕ್ಷ ಒಬಾಮಾ ಅವರಿಗೆ ತಮ್ಮ ಚಿತ್ರವೊಂದನ್ನು ಕೊಟ್ಟರು.

ಇದನ್ನೆಲ್ಲ ಒಮ್ಮೆ ಕನ್ನಡ ಕೂಟದ ಹಿರಿಯರೊಬ್ಬರಿಗೆ ಹೇಳಿದೆ. ತಾಳ್ಮೆಯಿಂದ ಕೇಳಿಸಿಕೊಂಡರು. ಆಮೇಲೆ, “ಅದೆಲ್ಲ ಸರಿಯಮ್ಮ, ಆದರೂ ಅಲ್ಲಾದರೆ ನರ್ಸ್ ಇರುತ್ತಾರೆ, ಹೊತ್ತು ಹೊತ್ತಿಗೆ ಊಟ ಕೊಡುತ್ತಾರೆ. ಅವರಿಗೆ ಇನ್ನೇನು ಬೇಕು ಹೇಳು?” ಎಂದರು. ಮನೆಗೆ ಬಂದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಊಟ ಯಾರ ಹೊತ್ತಿಗೆ? 2014ರಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ತಂದಿತು. ವೇವರ್ ಹಣದಿಂದ ನಡೆಯುವ ವಸತಿಗಳಲ್ಲಿ ಇರುವವರಿಗೆ ಬೇಕೆನಿಸಿದಾಗ ತಿನ್ನಲು ಸಿಗಬೇಕು, ಬೇಕಾದ ಹೊತ್ತಿನಲ್ಲಿ ನೆಂಟರು ಸ್ನೇಹಿತರು ಬರಬಹುದು, ಕೋಣೆಯ ಬಾಗಿಲಿಗೆ ಅವರೇ ಹಾಕಿಕೊಳ್ಳಬಹುದಾದ ಬೀಗ ಇರಬೇಕು, ಕೋಣೆ ಹಂಚಿಕೊಳ್ಳುವುದಾದರೆ ಯಾರೊಡನೆ ಎಂದು ಅವರೇ ಆರಿಸಬೇಕು. ಇಷ್ಟನ್ನು ಕಾನೂನಿನಲ್ಲಿ ಬರೆಯಬೇಕಾಯಿತು ಎಂದರೆ ಅದಿಲ್ಲದೆ ಎಷ್ಟು ಜನ ಎಷ್ಟು ವರ್ಷ ಬದುಕಿರಬೇಕು! ಅದನ್ನು ಪಾಲಿಸಲು ರಾಜ್ಯಗಳಿಗೆ ಕೊಟ್ಟ ಗಡುವು 2023ರ ಮಾರ್ಚ್‌ವರೆಗೆ ಹೋಯಿತು.

ಆ ಹಿರಿಯರು ಒಳ್ಳೆಯವರು. ಸಂಸ್ಥೆಗಳಲ್ಲಿ ಮೈಮುರಿದು ದುಡಿಯುವವರನ್ನೂ ನಾನು ದೂರುತ್ತಿಲ್ಲ, ತಾವಾಗಿ ಅಲ್ಲಿರಲು ಬಯಸುವವರನ್ನು ತಡೆಯುವುದೂ ಇಲ್ಲ. ನನಗೆ ಸಿಟ್ಟು ಬರುವುದು ಪ್ರಶ್ನೆ ಕೇಳುವ ಬಗೆಯ ಮೇಲೆ. ಅದರಲ್ಲಿ ಸೇರಿಸುವವರು ಇದ್ದಾರೆ, ಅವರ ಕಷ್ಟ ಇದೆ, “ಪಾಪ, ಆ ತಾಯಿತಂದೆಗೆ ಎಷ್ಟು ಹೊರೆ” ಎಂಬ ನಿಟ್ಟುಸಿರು ಇದೆ. ಸೇರಬೇಕಾದ ಮನುಷ್ಯನನ್ನು ಒಂದು ಮಾತು ಕೇಳಬೇಕೆಂದು ಯಾರಿಗೂ ತೋಚುವುದಿಲ್ಲ. ತಾಯಿತಂದೆಯ ಹೊರೆ ನಿಜ, ನಾನು ಅದನ್ನು ದಿನವೂ ನೋಡುತ್ತೇನೆ. ಅದಕ್ಕೇ ಅವರಿಗೆ ಬಿಡುವು ಕೊಡುವ ಗಂಟೆಗಳನ್ನು ಆರೈಕೆಯ ಯೋಜನೆಯಲ್ಲಿ ಸೇರಿಸಲು ಜಗಳವಾಡುತ್ತೇನೆ. ಆದರೆ ಹೊರೆ ಇಳಿಸುವ ದಾರಿ ಮಗನನ್ನು ಮನೆಯಿಂದ ಇಳಿಸುವುದೊಂದೇ ಎಂದು ಯಾರು ಹೇಳಿದರು?

ನನ್ನ ಪಟ್ಟಿಯಲ್ಲಿ ಒಬ್ಬರಿದ್ದಾರೆ. ನಲವತ್ತು ದಾಟಿದೆ, ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸೆರೆಬ್ರಲ್ ಪಾಲ್ಸಿ ಇದೆ. ನರ್ಸಿಂಗ್ ಹೋಮಿನಿಂದ ಹೊರಬಂದು ಬಾಡಿಗೆ ಮನೆಯಲ್ಲಿದ್ದಾರೆ, ಒಂದು ಗ್ರಂಥಾಲಯದಲ್ಲಿ ಅರೆಕಾಲಿಕ ಕೆಲಸ ಮಾಡುತ್ತಾರೆ. ಹಾಸಿಗೆಯಿಂದ ಗಾಲಿಕುರ್ಚಿಗೆ ಬರಲು ಅವರಿಗೆ ಎತ್ತುವ ಯಂತ್ರ ಬೇಕು. ಹೊಸ ಸಹಾಯಕಿ ಬಂದ ದಿನ ಮಲಗಿದಲ್ಲಿಂದಲೇ ಪಾಠ ಹೇಳುತ್ತಾರೆ. ಮಾತು ನಿಧಾನ, ಆದರೆ ಒಂದು ಪದವೂ ವ್ಯರ್ಥವಾಗುವುದಿಲ್ಲ. ಯಂತ್ರಕ್ಕೆ ಸಿಕ್ಕಿಸುವ ಬಟ್ಟೆಯ ಜೋಳಿಗೆಯನ್ನು ಬೆನ್ನಿನ ಕೆಳಗೆ ಸುಕ್ಕಿಲ್ಲದಂತೆ ಸರಿಸಬೇಕು. ಭುಜದ ಕಡೆ ಗಿಡ್ಡ ಕುಣಿಕೆ, ಕಾಲಿನ ಕಡೆ ಉದ್ದ ಕುಣಿಕೆ. ಕಾಲಿನ ಎರಡು ಪಟ್ಟಿಗಳನ್ನು ತೊಡೆಗಳ ನಡುವೆ ಅಡ್ಡ ಹಾಯಿಸಿ ಕೊಕ್ಕೆಗೆ ಸಿಕ್ಕಿಸಬೇಕು. ಎತ್ತುವ ಮೊದಲು ಒಂದೊಂದನ್ನೂ ಎಳೆದು ನೋಡಬೇಕು. ಅಂಗಿ ತೊಡಿಸುವಾಗ ಬಿಗಿದ ಎಡಗೈ ಮೊದಲು. ಅವಳು ಹೆದರಿದರೆ, “ನನ್ನನ್ನು ಎತ್ತುವ ವಿಷಯದಲ್ಲಿ ನನಗಿಂತ ಅನುಭವಿ ಈ ಊರಿನಲ್ಲಿ ಯಾರೂ ಇಲ್ಲ, ನಾನು ಹೇಳಿದಂತೆ ಮಾಡು” ಎಂದು ನಗುತ್ತಾರೆ. ಕೋಣೆಯೇ ಹಗುರಾಗುತ್ತದೆ.

ಒಂದು ಬೆಳಿಗ್ಗೆ ಆರೂವರೆಗೆ ಬರಬೇಕಾಗಿದ್ದ ಸಹಾಯಕಿ ಬರಲಿಲ್ಲ. ಅವಳ ಮಗುವಿಗೆ ಜ್ವರ. ಏಜೆನ್ಸಿಗೆ ಫೋನ್ ಮಾಡಿದರೆ ಕಳುಹಿಸಲು ಬೇರೆ ಯಾರೂ ಇಲ್ಲ. ಪ್ರತಿಯೊಬ್ಬರ ಆರೈಕೆಯ ಯೋಜನೆಯಲ್ಲೂ ಬದಲಿ ವ್ಯವಸ್ಥೆ ಬರೆದಿರಬೇಕು, ಇವರದರಲ್ಲೂ ಇತ್ತು. ಎರಡನೆಯ ಹೆಸರಿನವರು ಫೋನ್ ಎತ್ತಲಿಲ್ಲ, ಮೂರನೆಯದು ದೂರದ ಊರಿನಲ್ಲಿರುವ ತಂಗಿಯದು. ಹಿಂದಿನ ದಿನವೇ ಕಾದಿರಿಸಿದ್ದ, ಅಂಗವೈಕಲ್ಯ ಇರುವವರಿಗೆಂದೇ ಓಡುವ ಪ್ಯಾರಾಟ್ರಾನ್ಸಿಟ್ ವ್ಯಾನ್ ಸರಿಯಾದ ಹೊತ್ತಿಗೆ ಬಂತು, ಐದು ನಿಮಿಷ ನಿಂತಿತು, ‘ಪ್ರಯಾಣಿಕರು ಬರಲಿಲ್ಲ’ ಎಂದು ಅವರ ಹೆಸರಿನ ಮುಂದೆ ಗುರುತು ಹಾಕಿಕೊಂಡು ಹೋಯಿತು. ಹಾಗೆ ಹಲವು ಗುರುತು ಬಿದ್ದರೆ ಆ ಸೌಲಭ್ಯವನ್ನೇ ಕೆಲವು ದಿನ ತಡೆಹಿಡಿಯುತ್ತಾರೆ. ಗ್ರಂಥಾಲಯದಲ್ಲಿ ಉದ್ಯೋಗ ಪುನರ್ವಸತಿ ಇಲಾಖೆಯ ತರಬೇತುದಾರರು ಕಾದರು. ಅಂತೂ ಏಜೆನ್ಸಿ ಒಬ್ಬರನ್ನು ಕಳುಹಿಸುವಾಗ ಹನ್ನೊಂದು ಗಂಟೆ ದಾಟಿತ್ತು. ಅಲ್ಲಿಯವರೆಗೆ ಅವರು ಒದ್ದೆ ಬಟ್ಟೆಯಲ್ಲಿ ಚಾವಣಿ ನೋಡುತ್ತ ಮಲಗಿದ್ದರು.

ಕೋಆರ್ಡಿನೇಟರ್ ಮಾಡುವುದೇನು ಎಂದು ಕೇಳುವವರಿಗೆ ಆ ದಿನದ ನನ್ನ ಫೋನ್ ಕರೆಗಳೇ ಉತ್ತರ. ಸಾರಿಗೆಯವರು ನನ್ನ ಇಲಾಖೆಗೆ ಸೇರಿದವರಲ್ಲ, ಆ ಗುರುತನ್ನು ಅಳಿಸಲು ಪತ್ರ ಬರೆಯಬೇಕು. ಉದ್ಯೋಗ ಇಲಾಖೆಗೆ ಗೈರುಹಾಜರಿಯ ಕಾರಣ ತಿಳಿಸಬೇಕು. ಬಾಡಿಗೆಗೆ ನೆರವು ಕೊಡುವ ವಸತಿ ಕಚೇರಿಗೆ, ಸಂಬಳ ಕಡಿಮೆಯಾದರೂ ಹೆಚ್ಚಾದರೂ ವರದಿ ಹೋಗಬೇಕು. ವೈಯಕ್ತಿಕ ಸಹಾಯದ ಲೆಕ್ಕ ಹದಿನೈದು ಹದಿನೈದು ನಿಮಿಷದ ತುಂಡುಗಳಲ್ಲಿ ನಡೆಯುತ್ತದೆ. ಆ ಬೆಳಿಗ್ಗೆ ಖರ್ಚಾಗದೆ ಉಳಿದ ತುಂಡುಗಳನ್ನು ಮುಂದೆ ಯಾರೋ ಪರಿಶೀಲಕರು ನೋಡಿ, “ಬಳಸಿಲ್ಲವಲ್ಲ, ಇಷ್ಟು ಗಂಟೆ ಇವರಿಗೆ ಬೇಕೇ?” ಎಂದು ಕೇಳದಂತೆ ಅಂದೇ ದಾಖಲಿಸಬೇಕು. ಒಂದು ಕೊಂಡಿ ಕಳಚಿದರೆ ನಾಲ್ಕು ಕಚೇರಿಗಳಲ್ಲಿ ಅದರ ಪೆಟ್ಟು ಬೀಳುತ್ತದೆ, ಪ್ರತಿ ಕಚೇರಿಗೂ ತನ್ನ ಕಡತ ಮಾತ್ರ ಕಾಣುತ್ತದೆ.

ಹಾಗಾಗಿ, ಎಲ್ಲಿ ಇರಿಸಬೇಕು ಎಂದು ಕೇಳುವ ಬದಲು, ಬೆಳಿಗ್ಗೆ ಆರೂವರೆಗೆ ಯಾರು ಬರುತ್ತಾರೆ, ಅವರಿಗೆ ಎಷ್ಟು ಕೊಡುತ್ತಾರೆ ಎಂದು ಯಾರಾದರೂ ಕೇಳಬಾರದೇ? ಅದಕ್ಕೆ ಉತ್ತರಿಸಲು ನನಗೆ ಎಂದಿಗೂ ಬೇಸರವಿಲ್ಲ. ಮನೆಗೆ ಹೋಗಿ ಆರೈಕೆ ಮಾಡುವ ಈ ಕೆಲಸಗಾರರಲ್ಲಿ ಅರ್ಧದಷ್ಟು ಜನರ ವೇತನ 2024ರಲ್ಲಿ ಗಂಟೆಗೆ 17 ಡಾಲರನ್ನೂ ಮುಟ್ಟಿರಲಿಲ್ಲ. ಏಜೆನ್ಸಿಗಳ ಮೂಲಕ ದುಡಿಯುವ ಬಹುಪಾಲು ಮನೆ ಆರೈಕೆಯವರಿಗೆ ಕೇಂದ್ರದ ಕನಿಷ್ಠ ವೇತನ, ಹೆಚ್ಚುವರಿ ದುಡಿಮೆಯ ಭತ್ಯೆಗಳ ರಕ್ಷಣೆ ಸಿಕ್ಕಿದ್ದೇ 2015ರಲ್ಲಿ. ಅವರಲ್ಲಿ ಹೆಚ್ಚಿನವರು ಹೆಂಗಸರು, ನಮ್ಮ ಹಾಗೆ ಬೇರೆ ದೇಶದಿಂದ ಬಂದವರೂ ಬಹಳ. ರಾಜ್ಯ ಗೊತ್ತುಮಾಡಿದ ದರದೊಳಗೇ ಏಜೆನ್ಸಿ ಸಂಬಳ ಕೊಡಬೇಕು. ಪಕ್ಕದ ಗೋದಾಮಿನಲ್ಲಿ ಗಂಟೆಗೆ ಎರಡು ಡಾಲರ್ ಹೆಚ್ಚು ಸಿಕ್ಕರೆ ಸಹಾಯಕಿ ಹೋಗುತ್ತಾಳೆ, ಹೋಗಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ಜೋಳಿಗೆಯ ಪಾಠ ಮತ್ತೆ ಮೊದಲಿನಿಂದ. ನೀವು ಹೇಳುವ ಒಳ್ಳೆಯ ಹೋಮಿನಲ್ಲೂ ಎತ್ತಿ ಕೂರಿಸುವವರು ಇಂಥವರೇ, ಅಲ್ಲೂ ಕೈಗಳು ಸಾಲುತ್ತಿಲ್ಲ. ಕಟ್ಟಡ ಬದಲಿಸಿದರೆ ಈ ಕೊರತೆ ನೀಗುವುದಿಲ್ಲ.

ನನ್ನನ್ನು ಬದಿಗೆ ಕರೆದು ದನಿ ತಗ್ಗಿಸಿ ಕೇಳುವವರು ಕೆಲವರಿದ್ದಾರೆ. ಅವರ ಮನೆಯಲ್ಲೇ ಅಂಥ ಮಗು ಇರುತ್ತದೆ. ಅವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ವೀಸಾದ ಮೇಲಿರುವವರಿಗೆ ಸಾಮಾನ್ಯವಾಗಿ ಈ ಸೇವೆ ಸಿಗುವುದಿಲ್ಲ, ಗ್ರೀನ್ ಕಾರ್ಡ್ ಬಂದ ಮೇಲೂ ಹೆಚ್ಚಿನ ವಯಸ್ಕರು ಐದು ವರ್ಷ ಕಾಯಬೇಕು. ಅರ್ಹತೆ ಬಂದ ದಿನವೇ ರಾಜ್ಯದ ಪಟ್ಟಿಯಲ್ಲಿ ಮಗುವಿನ ಹೆಸರು ಬರೆಸಿ. ಶಾಲೆಯ ಸೇವೆಗಳು ಇಪ್ಪತ್ತೊಂದು ಇಪ್ಪತ್ತೆರಡರ ಹೊತ್ತಿಗೆ ನಿಲ್ಲುತ್ತವೆ, ಆಗ ಬರೆಸಿದರೆ ತಡವಾಗುತ್ತದೆ. ಮಗುವಿನ ಹೆಸರಿನಲ್ಲಿ ಹಣ ಕೂಡಿಡಬೇಡಿ: ಅಂಗವೈಕಲ್ಯ ಇರುವ ಕಡಿಮೆ ಆದಾಯದವರಿಗೆ ಸಿಗುವ ಕೇಂದ್ರದ ಮಾಸಾಶನಕ್ಕೆ ಒಬ್ಬ ವ್ಯಕ್ತಿಯ ಉಳಿತಾಯದ ಮಿತಿ 1989ರಿಂದಲೂ 2,000 ಡಾಲರ್‌ನಲ್ಲೇ ನಿಂತಿದೆ. ಆ ಮಿತಿಗೆ ಸಿಕ್ಕದಂತೆ ಹಣ ಉಳಿಸಲು 2014ರ ಕಾನೂನಿನಿಂದ ಬಂದ ಏಬಲ್ ಖಾತೆಯ ಬಗ್ಗೆ ವಕೀಲರನ್ನು ಕೇಳಿ. ಕೆಲಸ ಬದಲಿಸಿ ಬೇರೆ ರಾಜ್ಯಕ್ಕೆ ಹೋಗುವ ಮೊದಲು ಯೋಚಿಸಿ, ವೇವರ್ ನಿಮ್ಮ ಹಿಂದೆ ಬರುವುದಿಲ್ಲ, ಅಲ್ಲಿ ಸಾಲಿನ ಕೊನೆಯಿಂದ ಶುರು. ಅದೇ ರಾಜ್ಯದೊಳಗೆ ಮನೆ ಬದಲಿಸಿದರೂ ಹೊಸ ವಿಳಾಸವನ್ನು ಕಚೇರಿಗೆ ತಪ್ಪದೆ ತಿಳಿಸಿ. ಪತ್ರ ಹಳೆಯ ಮನೆಗೆ ಹೋಗಿ ಉತ್ತರ ಬಾರದಿದ್ದರೆ ಹೆಸರನ್ನು ಪಟ್ಟಿಯಿಂದ ತೆಗೆದುಹಾಕುವ ರಾಜ್ಯಗಳಿವೆ.