ಐವತ್ತಕ್ಕೆ ಒಂದು

ಜುಲೈ, ಮೂರನೇ ಭಾನುವಾರ

ಮೇಸ್ತ್ರಿಗಳು ಪಾಯದ ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು ಇವರ ಅಂಗಡಿಯಲ್ಲಿ ಮೀಟರಿನ ಲೆಕ್ಕದಲ್ಲಿ ಸಿಗುತ್ತದೆ. ಇಂದು ಬೆಳಿಗ್ಗೆ ಹದಿನೈದು ಮೀಟರು ಪೈಪು, ಅರ್ಧ ಬಕೆಟ್ ನೀರು ಮತ್ತು ಟೇಪು ಹಿಡಿದುಕೊಂಡು ಗೊರೂರು ರಸ್ತೆಯ ಪಕ್ಕ ಗಂಡ ಹೆಂಡತಿ ಇಬ್ಬರೂ ಕುಕ್ಕರಗಾಲಿನಲ್ಲಿ ಕುಳಿತಿದ್ದೆವು. ಹಾಲಿನ ಕ್ಯಾನು ಕಟ್ಟಿಕೊಂಡು ಬೈಕಿನಲ್ಲಿ ಬಂದವರೊಬ್ಬರು ಗಾಬರಿಯಿಂದ ನಿಲ್ಲಿಸಿ, "ರಸ್ತೆ ಅಗಲ ಮಾಡುತ್ತಾರೆಯೇ? ಯಾವ ಕಡೆಯ ಜಮೀನು ಹೋಗುತ್ತದೆ?" ಎಂದು ಕೇಳಿದರು. "ಇಲ್ಲ, ನಾವು ನ್ಯೂಜಿಲೆಂಡಿಗೆ ಹೋಗಬೇಕಾಗಿದೆ" ಎಂದು ಇವರು ಉತ್ತರ ಕೊಟ್ಟರು. ಆ ಮನುಷ್ಯನ ಗಾಬರಿ ಅದರಿಂದ ಕಡಿಮೆಯಾದಂತೆ ನನಗೆ ಕಾಣಲಿಲ್ಲ.

ಪೈಪಿನ ಕಥೆ ಹೀಗೆ. ಮುಂದಿನ ಏಪ್ರಿಲ್‌ನಲ್ಲಿ, ನನ್ನ ಶಾಲೆಗೆ ಬೇಸಿಗೆ ರಜೆ ಬಿಟ್ಟ ಕೂಡಲೇ, ಹದಿನಾರು ದಿನ ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಬಾಡಿಗೆ ಕಾರು ಓಡಿಸುವುದು, ನಡುವೆ ನಾಲ್ಕು ದಿನ ಸೈಕಲ್ ತುಳಿಯುವುದು ಎಂದು ನಿರ್ಧಾರವಾಗಿದೆ. ತುಳಿಯುವ ದಾರಿಯ ಹೆಸರು ಒಟಾಗೊ ಸೆಂಟ್ರಲ್ ರೈಲ್ ಟ್ರೇಲ್. ಅಲ್ಲಿ ಹಿಂದೆ ರೈಲು ಓಡುತ್ತಿತ್ತು. 1990ರಲ್ಲಿ ಮಾರ್ಗ ಮುಚ್ಚಿತು, ಹಳಿ ಕಿತ್ತರು, ಜಲ್ಲಿ ಹಾಸಿದರು. 2000ದಲ್ಲಿ ಕ್ಲೈಡ್‌ನಿಂದ ಮಿಡ್ಲ್‌ಮಾರ್ಚ್‌ವರೆಗಿನ 152 ಕಿ.ಮೀ. ದಾರಿ ಪೂರ್ತಿಯಾಗಿ ಸೈಕಲ್ಲಿಗೂ ಕಾಲ್ನಡಿಗೆಗೂ ತೆರೆಯಿತು. ಉಗಿಬಂಡಿಗೆ ಕಡಿದಾದ ಏರು ಆಗಿಬರುವುದಿಲ್ಲ. ಆದ್ದರಿಂದ ಆ ದಾರಿಯಲ್ಲಿ ಎಲ್ಲಿಯೂ ಐವತ್ತಕ್ಕೆ ಒಂದಕ್ಕಿಂತ ಹೆಚ್ಚು ಏರಿಲ್ಲ.

ನಾನು ಗಣಿತದ ಮೇಷ್ಟ್ರಿಣಿ. ಐವತ್ತಕ್ಕೆ ಒಂದು ಎಂದರೆ ನೂರು ಮೀಟರು ಹೋದರೆ ಎರಡು ಮೀಟರು ಏರು, ಹತ್ತು ಮೀಟರಿಗೆ ಇಪ್ಪತ್ತು ಸೆಂಟಿಮೀಟರು. ಕಪ್ಪುಹಲಗೆಯ ಮೇಲೆ ಇದು ಏನೂ ಅಲ್ಲ. ನಲವತ್ತೆಂಟರ ಮೊಣಕಾಲಿಗೆ ಅದು ಏನು ಎಂದು ತಿಳಿಯಬೇಕಾದರೆ ಅಷ್ಟೇ ಏರಿನ ರಸ್ತೆ ಬೇಕಲ್ಲ. ಅದಕ್ಕೇ ಪೈಪು.

ಮೂರು ಕಡೆ ಅಳೆದೆವು. ಮೊದಲನೆಯದು ಹತ್ತು ಮೀಟರಿಗೆ ನಲವತ್ತಾರು ಸೆಂಟಿಮೀಟರು, ಎರಡನೆಯದು ಒಂಬತ್ತು. ಮೂರನೆಯ ಜಾಗದಲ್ಲಿ, ಹುಣಸೆಮರವಿರುವ ತಿರುವಿನ ಆಚೆ, ಹತ್ತೊಂಬತ್ತೂವರೆ ಬಂತು. ಅಲ್ಲಿಂದ ಸುಮಾರು ಆರುನೂರು ಮೀಟರು ಅದೇ ಏರು. ಸೈಕಲ್ ತಂದು ಹತ್ತು ಸಲ ಹತ್ತಿ ಇಳಿದೆ. ನಾಲ್ಕು ಸಲದವರೆಗೆ ಏರು ಇದೆಯೆಂದೇ ಗೊತ್ತಾಗಲಿಲ್ಲ. ಎಂಟನೆಯ ಸಲ ಗೊತ್ತಾಯಿತು. ಹತ್ತನೆಯ ಸಲ ಹುಣಸೆಮರದ ಕೆಳಗೆ ಕುಳಿತೆ.

ಆಗಸ್ಟ್ 4

ಇವರಿಗೆ ಈ ಅನುಪಾತ ಮೊದಲೇ ಪರಿಚಯ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಟ್ಟದ ರೈಲುಮಾರ್ಗದ ಏರೂ ಐವತ್ತಕ್ಕೆ ಒಂದೇ. ಮೀಟರ್‌ಗೇಜ್ ತೆಗೆದು ಬ್ರಾಡ್‌ಗೇಜ್ ಹಾಕುತ್ತಿದ್ದ ಕಾಲದಲ್ಲಿ, ಪ್ರಯಾಣಿಕರ ರೈಲು 2007ರಲ್ಲಿ ಮತ್ತೆ ಬರುವುದಕ್ಕೆ ಮುಂಚೆ, ದೋಣಿಗಲ್‌ನಿಂದ ಎಡಕುಮೇರಿಗೆ ಹಳಿಯ ಮೇಲೆ ನಡೆದುಹೋಗುವುದು ಈ ಕಡೆಯ ಹುಡುಗರಿಗೆ ಒಂದು ಹುಚ್ಚು. ಇವರೂ ಹೋಗಿದ್ದರು. ಸುರಂಗದ ನಡುವೆ ಟಾರ್ಚಿನ ಸೆಲ್ಲು ಮುಗಿದು ಗೋಡೆ ಸವರಿಕೊಂಡು ಹೊರಬಂದದ್ದು, ಕೈಗೆ ಬಾವಲಿ ಸಿಕ್ಕಿದ್ದು, ಇವೆಲ್ಲ ಮದುವೆಯಾದ ವರ್ಷದಿಂದ ನನಗೆ ಬಾಯಿಪಾಠ. ಈಗ ಅಲ್ಲಿ ರೈಲು ಓಡುತ್ತದೆ, ಹಳಿಯ ಮೇಲೆ ನಡೆಯುವುದು ನಿಷಿದ್ಧ. ನಿಷೇಧವೇ ಸರಿ. ಐವತ್ತೇಳು ಸುರಂಗಗಳ ಆ ದಾರಿಯಲ್ಲಿ ಎದುರಿಗೆ ಗೂಡ್ಸು ಬಂದರೆ ಪಕ್ಕಕ್ಕೆ ಸರಿಯಲು ಜಾಗವಿಲ್ಲ.

ಈ ಭಾನುವಾರ ಹಗಲಿನ ರೈಲಿನಲ್ಲಿ ಸುಬ್ರಹ್ಮಣ್ಯಕ್ಕೆ ಹೋಗಿ ಬಂದೆವು, ಅಭ್ಯಾಸದ ನೆಪದಲ್ಲಿ. ಘಟ್ಟದಲ್ಲಿ ರೈಲು ಗಂಟೆಗೆ ಮೂವತ್ತು ಕಿ.ಮೀ. ಮೀರುವುದಿಲ್ಲ. ಕಿಟಕಿಗೆ ಮಳೆ, ಹೊರಗೆ ಬಿಳಿಯ ಮೋಡ ಬಿಟ್ಟರೆ ಏನೂ ಇಲ್ಲ. ಅಭ್ಯಾಸವಾಗಿ ಆದದ್ದು ಎರಡು ಪ್ಲೇಟು ಇಡ್ಲಿ.

ಒಟಾಗೊದಲ್ಲಿರುವುದು ಮೂರೇ ಸುರಂಗ. ಎರಡು ಪೂಲ್‌ಬರ್ನ್ ಕಮರಿಯಲ್ಲಿ, ಒಂದು ಹೈಡ್ ಎಂಬ ಊರಿನ ಹತ್ತಿರ. ಒಳಗೆ ದೀಪವಿಲ್ಲ, ಟಾರ್ಚ್ ಬೇಕು. ಇವರು ಈಗಾಗಲೇ ಎರಡು ಟಾರ್ಚ್ ಮತ್ತು ಒಂದು ಡಜನ್ ಸೆಲ್ಲು ತಂದಿಟ್ಟಿದ್ದಾರೆ. ಪ್ರಯಾಣಕ್ಕೆ ಇನ್ನೂ ಎಂಟು ತಿಂಗಳಿದೆ.

ಆಗಸ್ಟ್ 25

ನಕ್ಷೆಯ ಮೇಲೆ ಜಗಳ.

ಮೊದಲ ಯೋಜನೆ ಇವರದ್ದು: ಕ್ರೈಸ್ಟ್‌ಚರ್ಚ್, ಪಶ್ಚಿಮ ಕರಾವಳಿಯ ಹಿಮನದಿಗಳು, ಕ್ವೀನ್ಸ್‌ಟೌನ್, ಮಿಲ್ಫರ್ಡ್ ಸೌಂಡ್, ಡನೀಡಿನ್, ಹೀಗೆ 2,600 ಕಿ.ಮೀ. ಅಲ್ಲಿ ಊರ ಹೊರಗಿನ ರಸ್ತೆಗಳಲ್ಲಿ ವೇಗದ ಮಿತಿ ಗಂಟೆಗೆ ನೂರು ಎಂದು ಓದಿ, ಗಂಟೆಗೆ ನೂರು ಕಿ.ಮೀ. ಸಾಗುತ್ತೇವೆ ಎಂದು ಲೆಕ್ಕ ಹಾಕಿದ್ದರು. ಮಿತಿಯನ್ನು ಸರಾಸರಿ ಎಂದು ಓದಿದ ವಿದ್ಯಾರ್ಥಿಗೆ ನಾನು ಅರ್ಧ ಅಂಕವನ್ನೂ ಕೊಡುವುದಿಲ್ಲ. ಆ ರಸ್ತೆಗಳಲ್ಲಿ ಬಹುಪಾಲು ಎರಡೇ ಪಥ, ಬೆಟ್ಟದ ತಿರುವುಗಳು ಬೇಕಾದಷ್ಟು. ಕ್ವೀನ್ಸ್‌ಟೌನ್‌ನಿಂದ ಮಿಲ್ಫರ್ಡ್‌ಗೆ ಸುಮಾರು 290 ಕಿ.ಮೀ., ಎಲ್ಲಿಯೂ ನಿಲ್ಲದಿದ್ದರೂ ನಾಲ್ಕು ಗಂಟೆ. ಆ ದಾರಿ ಅಲ್ಲಿಗೇ ಮುಗಿಯುವುದರಿಂದ ಬಂದ ದಾರಿಯಲ್ಲೇ ಮರಳಬೇಕು. "ಧರ್ಮಸ್ಥಳಕ್ಕೆ ಹೋಗಿ ಅದೇ ದಿನ ಬರುವುದಿಲ್ಲವೇ?" ಎಂದರು. "ಧರ್ಮಸ್ಥಳದಲ್ಲಿ ಊಟವಾದರೂ ಇದೆ" ಎಂದೆ.

ಮೂರು ದಿನ ಮಾತು ಕಡಿಮೆಯಿತ್ತು. ನಾಲ್ಕನೆಯ ದಿನ ಮಿಲ್ಫರ್ಡ್ ಮೇಲೆ ಪೆನ್ಸಿಲಿನ ಗೆರೆ ಬಿತ್ತು. ಎಳೆದವರು ಅವರೇ. ಮರುವಾರ ಹಿಮನದಿಗಳೂ ಹೋದವು. ವಿಚಿತ್ರವೆಂದರೆ ಒಂದೊಂದು ಹೆಸರು ಹೊಡೆದಾಗಲೂ ಇಬ್ಬರಿಗೂ ಹಗುರವೆನಿಸಿತು, ಹೊಡೆಯಲು ಇನ್ನೇನಿದೆ ಎಂದು ಹುಡುಕುವ ಮಟ್ಟಕ್ಕೆ.

ಈಗ ಉಳಿದಿರುವುದು ಇಷ್ಟು. ಸಿಂಗಪುರದ ಮೂಲಕ ಕ್ರೈಸ್ಟ್‌ಚರ್ಚ್. ಇಳಿದ ದಿನ ಸ್ಟಿಯರಿಂಗ್ ಮುಟ್ಟುವಂತಿಲ್ಲ, ನಿದ್ದೆ. ನಂತರ ಟೆಕಾಪೊ ಸರೋವರ. ಹಿಮನದಿ ಅರೆದ ಕಲ್ಲಿನ ಹಿಟ್ಟು ತೇಲುವುದರಿಂದ ಆ ನೀರಿಗೆ ಹಾಲು ಬೆರೆಸಿದ ನೀಲಿ ಬಣ್ಣ. ಅಲ್ಲಿಂದ 3,724 ಮೀಟರ್ ಎತ್ತರದ ಅಯೊರಾಕಿ ಶಿಖರದ ಬುಡ. ಆಮೇಲೆ ಲಿಂಡಿಸ್ ಕಣಿವೆದಾರಿ ಏರಿ ಇಳಿದು ಕ್ಲೈಡ್. ಕಾರು ಅಲ್ಲೇ ನಿಲ್ಲುತ್ತದೆ. ಸೈಕಲ್ ಅಲ್ಲೇ ಬಾಡಿಗೆಗೆ ಸಿಗುತ್ತದೆ, ಚೀಲಗಳನ್ನು ಮುಂದಿನ ಊರಿಗೆ ಸಾಗಿಸುವವರೂ ಇದ್ದಾರೆ. ಮಿಡ್ಲ್‌ಮಾರ್ಚ್‌ನಿಂದ ವ್ಯಾನಿನಲ್ಲಿ ಕ್ಲೈಡ್‌ಗೆ ವಾಪಸು, ಕಾರು ಹತ್ತಿ ಪೂರ್ವ ಕರಾವಳಿಯ ಓಮರೂ ಮಾರ್ಗವಾಗಿ ಕ್ರೈಸ್ಟ್‌ಚರ್ಚ್. ಕಾರಿನ ಪಾಲು ಸುತ್ತಾಟವೂ ಸೇರಿ 1,200 ಕಿ.ಮೀ. ದಾಟುವುದಿಲ್ಲ.

ಸೆಪ್ಟೆಂಬರ್ 15

ಹಾರ್ನ್ ಉಪವಾಸ.

ಅಲ್ಲಿಯೂ ಎಡಬದಿಯ ಸಂಚಾರ, ವೃತ್ತದಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಪುಸ್ತಕದ ಪ್ರಕಾರ ಇಲ್ಲಿಯೂ ಅದೇ. ಹಾಗಾಗಿ ಕಷ್ಟವಿರುವುದು ನಿಯಮದಲ್ಲಲ್ಲ, ನಮ್ಮ ಹೆಬ್ಬೆರಳಿನಲ್ಲಿ. ಹಾಸನದಿಂದ ಬೇಲೂರಿಗೆ ಹಾರ್ನ್ ಮುಟ್ಟದೆ ಓಡಿಸಿ ತೋರಿಸುತ್ತೇನೆ ಎಂದು ನಾನು ಪಂಥ ಕಟ್ಟಿದೆ. ಇವರು ಪಕ್ಕದಲ್ಲಿ ಕುಳಿತು ಪುಸ್ತಕದಲ್ಲಿ ಗೆರೆ ಹಾಕಿದರು. ಹೋಗುವಾಗ ಇಪ್ಪತ್ತಮೂರು, ಬರುವಾಗ ಹದಿನಾಲ್ಕು. ಬರುವಾಗಿನದರಲ್ಲಿ ಆರು ಒಂದೇ ಎಮ್ಮೆಗೆ ಸೇರಿದ್ದು, ಅದನ್ನು ಲೆಕ್ಕದಿಂದ ಬಿಡಬೇಕೆಂದು ನನ್ನ ವಾದ.

ನಿಜವಾಗಿ ಕಲಿಯಬೇಕಾದದ್ದು ಒಂಟಿ ಪಥದ ಸೇತುವೆಗಳ ಶಿಸ್ತು. ದಕ್ಷಿಣ ದ್ವೀಪದಲ್ಲಿ ಇವು ಹೆದ್ದಾರಿಯಲ್ಲೂ ಸಿಗುತ್ತವೆ. ಫಲಕದಲ್ಲಿ ನಮ್ಮ ಕಡೆಯ ಬಾಣ ಚಿಕ್ಕದಾಗಿ ಕೆಂಪಾಗಿದ್ದರೆ ನಾವು ನಿಂತು ಎದುರಿನವರಿಗೆ ಬಿಡಬೇಕು. ದೊಡ್ಡ ಗಾಡಿ ಮೊದಲು ಎಂಬ ನಮ್ಮ ಘಟ್ಟದ ನ್ಯಾಯ ಅಲ್ಲಿ ನಡೆಯುವುದಿಲ್ಲ.

ಕಾಗದಪತ್ರ: ನಮ್ಮ ಚಾಲನಾ ಪರವಾನಗಿ ಇಂಗ್ಲಿಷಿನಲ್ಲಿಯೂ ಇರುವುದರಿಂದ ಅಲ್ಲಿನ ಕಾನೂನಿಗೆ ಅದೇ ಸಾಕು. ಆದರೂ ಅಂತರರಾಷ್ಟ್ರೀಯ ಪರವಾನಗಿ ಮಾಡಿಸುತ್ತೇವೆ, ಶುಲ್ಕ ಒಂದು ಸಾವಿರ ರೂಪಾಯಿ. ಕೌಂಟರಿನಲ್ಲಿ ನಿಂತು ವಾದಿಸುವುದಕ್ಕಿಂತ ಅಗ್ಗ. ಅದರ ಆಯುಸ್ಸು ಒಂದೇ ವರ್ಷವಾದ್ದರಿಂದ ಈಗಲೇ ಅವಸರವಿಲ್ಲ. ನನ್ನ ಪಾಸ್‌ಪೋರ್ಟ್ ಬಂದಿದೆ. ಇವರದ್ದು ಇನಿಷಿಯಲ್ ಕಾಟದಲ್ಲಿ ಸಿಕ್ಕಿಕೊಂಡಿದೆ. ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡಕ್ಷರ, ಆಧಾರ್‌ನಲ್ಲಿ ಹೆಸರಿನ ಮುಂದೆ ಒಂದು. ಊರಿನ ಹೆಸರನ್ನೂ ಅಪ್ಪನ ಹೆಸರನ್ನೂ ಹೊತ್ತು ತಿರುಗುವ ನಮ್ಮವರಿಗೆ ಇದು ಹೊಸದೇನಲ್ಲ.

ಅಕ್ಟೋಬರ್ 6

ಇದುವರೆಗಿನ ಅತಿ ಉದ್ದದ ಸವಾರಿ: ಮನೆಯಿಂದ ಶೆಟ್ಟಿಹಳ್ಳಿಯ ಪಾಳು ಚರ್ಚಿಗೆ, ಅಲ್ಲಿಂದ ಒಳದಾರಿಗಳಲ್ಲಿ ಅಲೆದು ವಾಪಸು, ಒಟ್ಟು 46 ಕಿ.ಮೀ. ಹೇಮಾವತಿಯ ಹಿನ್ನೀರು ಇನ್ನೂ ಗೋಡೆಯ ಬುಡದಲ್ಲಿತ್ತು. ಟ್ರೇಲ್‌ನಲ್ಲಿ ಮೊದಲ ದಿನ ಕ್ಲೈಡ್‌ನಿಂದ ಲಾಡರ್‌ಗೆ ಸುಮಾರು 45 ಕಿ.ಮೀ., ಆದ್ದರಿಂದ ಇದು ಪೂರ್ತಿ ಒಂದು ದಿನದ ತಾಲೀಮು. ಎರಡನೆಯ ದಿನ ಕಡಿಮೆ ದೂರ. ಆದರೆ ಪೂಲ್‌ಬರ್ನ್ ಸೇತುವೆ, ಆ ಕಮರಿಯ ಎರಡು ಸುರಂಗಗಳು, ಇಡೀ ದಾರಿಯ ತುತ್ತತುದಿಯಾದ 618 ಮೀಟರಿನ ಜಾಗ, ಎಲ್ಲವೂ ಅಂದೇ ಬರುತ್ತವೆ.

ವಾಪಸಾಗುವಾಗ ನನ್ನ ಹಿಂದಿನ ಚಕ್ರ ಪಂಕ್ಚರ್. ಇವರು ಬಹಳ ಹೆಮ್ಮೆಯಿಂದ ಹೊಸ ಟ್ಯೂಬು ಹೊರತೆಗೆದರು. ಅದರ ವಾಲ್ವು ಬೈಕಿನದರಂತೆ ದಪ್ಪ. ನಮ್ಮ ರಿಮ್ಮಿನ ತೂತು ತೆಳು ಪ್ರೆಸ್ಟಾ ವಾಲ್ವಿಗೆ ಕೊರೆದದ್ದು. ಎಷ್ಟು ತಳ್ಳಿದರೂ ಒಳಗೆ ಹೋಗದು. ಪಂಪು, ಮೋಟಾರು, ವಾಲ್ವುಗಳನ್ನೇ ಮಾರಿ ಇಪ್ಪತ್ತೆರಡು ವರ್ಷ ಸಂಸಾರ ನಡೆಸಿದ ಮನುಷ್ಯ! ನಾನು ಏನೂ ಹೇಳಲಿಲ್ಲ. ಆಲೂಗಡ್ಡೆ ಮೂಟೆ ತುಂಬಿದ್ದ ಗೂಡ್ಸ್ ಆಟೋದ ಮೇಲೆ ಸೈಕಲ್ಲು, ಮೂಟೆಗಳ ನಡುವೆ ನಾನು, ಹೀಗೆ ಹಾಸನ ಸೇರಿದೆವು.

ಜೆಲ್ ಸೀಟ್ ಕವರ್ ಕೂಡ ದಂಡ. ಮೆತ್ತಗಿದ್ದಷ್ಟೂ ತೊಡೆ ಉಜ್ಜುತ್ತದೆ. ಸೀಟನ್ನು ಎರಡು ಬೆರಳು ಎತ್ತರಿಸಿ, ಒಳಗೆ ಪ್ಯಾಡ್ ಇರುವ ಚಡ್ಡಿ ಧರಿಸಿದ ಮೇಲೆ ಮುಕ್ಕಾಲು ನೋವು ಹೋಯಿತು. ಚೂಡಿದಾರದ ಕೆಳಗೆ ಯಾರಿಗೂ ಕಾಣುವುದಿಲ್ಲ.

ಅಕ್ಟೋಬರ್ 27

ಬೂಟಿನ ವಿಷಯ. ನ್ಯೂಜಿಲೆಂಡಿನವರಿಗೆ ಹೊರಗಿನ ಮಣ್ಣೆಂದರೆ ಭಯ, ರೋಗ ಮತ್ತು ಕಳೆಬೀಜ ಅದರಲ್ಲಿ ಬರುತ್ತವೆ. ಬಳಸಿದ ಬೂಟಿನ ಅಡಿಯಲ್ಲಿ ಮಣ್ಣಿರಬಾರದು. ಆಹಾರ ಒಯ್ದರೆ ಅರ್ಜಿಯಲ್ಲಿ ಬರೆಯಬೇಕು, ಬರೆಯದೆ ಸಿಕ್ಕಿಬಿದ್ದರೆ ವಿಮಾನ ನಿಲ್ದಾಣದಲ್ಲೇ 400 ಡಾಲರ್ ದಂಡ. ಹುರಿದು ಪುಡಿ ಮಾಡಿದ ಕಾಫಿಗೆ ಅಡ್ಡಿಯಿಲ್ಲ, ಬರೆದು ತೋರಿಸಿದರಾಯಿತು. ಫಿಲ್ಟರ್ ಚೀಲಕ್ಕೆ ಹೋಗಿದೆ. ಜೇನುತುಪ್ಪ ಬಿಡುವುದಿಲ್ಲ, ಹಸಿ ಕರಿಬೇವೂ ಇಲ್ಲ. ಅತ್ತೆಯವರಿಗೆ ಇದು ಅರ್ಥವಾಗುತ್ತಿಲ್ಲ: "ಕರಿಬೇವಿನಲ್ಲಿ ಅವರಿಗೇನು ಕಾಣಿಸಿತು?"

ಇವರ ಬೂಟಿನ ಅಡಿಯಲ್ಲಿ ಮೂರು ತಾಲ್ಲೂಕಿನ ಆಲೂಗಡ್ಡೆ ಹೊಲಗಳಿವೆ. ಹೊಸದು ಕೊಳ್ಳುವುದು ವಾಸಿ.

ವಿಮೆಯನ್ನು ಇಬ್ಬರಿಗೂ ತೆಗೆದುಕೊಳ್ಳುತ್ತೇವೆ. ಅಪಘಾತದ ಗಾಯಕ್ಕೆ ಅಲ್ಲಿನ ಸರ್ಕಾರಿ ವ್ಯವಸ್ಥೆ ಪ್ರವಾಸಿಗರಿಗೂ ಚಿಕಿತ್ಸೆಯ ವೆಚ್ಚದಲ್ಲಿ ನೆರವಾಗುತ್ತದೆ, ಆದರೆ ಜ್ವರ, ಎದೆನೋವು ಅದಕ್ಕೆ ಸೇರುವುದಿಲ್ಲ. ಹೆಲ್ಮೆಟ್ ಸೈಕಲ್ಲಿಗೂ ಕಡ್ಡಾಯ. ಏಪ್ರಿಲ್ 25 ಅಲ್ಲಿ ಯೋಧರ ಸ್ಮರಣೆಯ ಆನ್ಜಾಕ್ ದಿನ, ಮಧ್ಯಾಹ್ನ ಒಂದರವರೆಗೆ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ. ಆ ದಿನ ನಾವು ಕರಾವಳಿಯಲ್ಲಿರುತ್ತೇವೆ, ಹಿಂದಿನ ದಿನವೇ ಬ್ರೆಡ್ಡು ಕೊಂಡಿಡಬೇಕು.

ಬಾಕಿ: ಇವರ ಪಾಸ್‌ಪೋರ್ಟ್, ವೀಸಾ, ಟಿಕೆಟ್. ಇ-ಸೈಕಲ್ ಬೇಕೇ ಎಂಬ ಚರ್ಚೆಯೂ ಬಾಕಿ. ಮೊಣಕಾಲು ಬೇಕು ಎನ್ನುತ್ತದೆ, ಹುಣಸೆಮರದ ಏರನ್ನು ಮೊನ್ನೆ ಹದಿನಾಲ್ಕು ಸಲ ಹತ್ತಿದವಳು ಬೇಡ ಎನ್ನುತ್ತಾಳೆ.

ಮುಂದಿನ ಭಾನುವಾರ ಮಳೆ ಬಿಟ್ಟರೆ ದೊಡ್ಡಗದ್ದವಳ್ಳಿ. ಟ್ಯೂಬು ಎರಡು, ಈ ಸಲ ನಾನೇ ಅಂಗಡಿಗೆ ಹೋಗಿ ತರುತ್ತೇನೆ.