ಚೆಂಡು ಆ ಕಡೆ ಇದ್ದಾಗ

2025ರ ಮೇ 18, ಲಂಡನ್ನಿನ ವೆಂಬ್ಲಿ ಕ್ರೀಡಾಂಗಣ. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಎಫ್‌ಎ ನಡೆಸುವ ಮಹಿಳಾ ಎಫ್‌ಎ ಕಪ್ ಫೈನಲ್‌ನಲ್ಲಿ ಚೆಲ್ಸಿ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್ ಎದುರುಬದುರು. ಸೇರಿದ್ದ ಜನ 74,412. ಚೆಲ್ಸಿಗೆ ಕಾರ್ನರ್, ಅಂದರೆ ಮೂಲೆಯಿಂದ ಒದೆಯುವ ಅವಕಾಶ ಸಿಕ್ಕಿತ್ತು, ಎಲ್ಲರ ಕಣ್ಣೂ ಮೂಲೆಯ ಬಾವುಟದ ಮೇಲೆ. ನನ್ನ ಮುಂದಿನ ಸಾಲಿನಲ್ಲಿ ಒಂದು ಕನ್ನಡದ ಕುಟುಂಬವಿತ್ತು. ಊರಿಂದ ಬಂದಿದ್ದ ಅಜ್ಜಿಯ ಪಕ್ಕ ಒಂಬತ್ತೋ ಹತ್ತೋ ವಯಸ್ಸಿನ ಮೊಮ್ಮಗಳು. ಅವಳೊಬ್ಬಳು ಮಾತ್ರ ಕತ್ತು ತಿರುಗಿಸಿಕೊಂಡು ಖಾಲಿ ಬಿದ್ದಿದ್ದ ಅರ್ಧ ಮೈದಾನವನ್ನೇ ನೋಡುತ್ತಿದ್ದಳು.

"ಚೆಂಡು ಅಲ್ಲಿದೆಯಲ್ಲೇ ಪುಟ್ಟಿ, ನೀನೇನು ಈ ಕಡೆ ನೋಡ್ತಾ ಕೂತಿದ್ದೀಯ?"

"ಅಜ್ಜಿ, ಚೆಂಡು ಆ ಕಡೆ ಇದ್ದಾಗ್ಲೇ ಕೀಪರ್‌ಗೆ ಕೆಲಸ. ಹ್ಯಾಂಪ್ಟನ್ ಹೇಗೆ ನಡೀತಾ ಇದ್ದಾಳೆ ನೋಡು."

ಹ್ಯಾಂಪ್ಟನ್ ಅಂದರೆ ಚೆಲ್ಸಿಯ ಗೋಲ್‌ಕೀಪರ್. ಫೈನಲ್ ಬಗ್ಗೆ ಮರುದಿನ ಬಂದ ವರದಿಗಳಲ್ಲಿ ಇಷ್ಟು ನೇರವಾಗಿ ಆಟದ ಒಳಗುಟ್ಟು ಹಿಡಿದ ವಾಕ್ಯ ಇರಲಿಲ್ಲ. ಮೈದಾನದ ಉದ್ದ 105 ಮೀಟರ್. ತಂಡ ಎದುರಾಳಿಯ ಗೋಲಿನ ಹತ್ತಿರ ಇದ್ದಾಗ ಅದರ ಡಿಫೆಂಡರ್‌ಗಳು ನಡುಗೆರೆಯವರೆಗೆ ಏರಿ ನಿಂತಿರುತ್ತಾರೆ. ಕೀಪರ್ ಕಂಬಗಳ ಮಧ್ಯೆಯೇ ಉಳಿದರೆ ಅವಳಿಗೂ ಅವರಿಗೂ ನಡುವೆ ಐವತ್ತು ಮೀಟರ್ ಬಯಲು. ಎದುರಾಳಿ ಚೆಂಡನ್ನು ಬೀಸಿ ಒದ್ದರೆ ಸಾಕು, ವೇಗದ ಫಾರ್ವರ್ಡ್ ಒಬ್ಬಳು ಆ ಬಯಲಲ್ಲಿ ಒಂಟಿಯಾಗಿ ಓಡಿ ಬರುತ್ತಾಳೆ. ಅದಕ್ಕೇ ಕೀಪರ್ ಗೋಲು ಬಿಟ್ಟು 25ರಿಂದ 30 ಮೀಟರ್ ಮುಂದೆ ಬಂದು ಕೊನೆಯ ಡಿಫೆಂಡರ್ ಆಗುತ್ತಾಳೆ. ಅಲ್ಲಿ ಕೈ ಬಳಸುವ ಹಾಗಿಲ್ಲ. ಕೈಗೆ ಅವಕಾಶ ಇರುವುದು ಗೋಲ್‌ಗೆರೆಯಿಂದ 16.5 ಮೀಟರ್‌ವರೆಗಿನ ಪೆನಾಲ್ಟಿ ಬಾಕ್ಸ್ ಒಳಗೆ ಮಾತ್ರ. ಹೊರಗೆ ಕಾಲು, ತಲೆ, ಎದೆ ಅಷ್ಟೆ.

ಎಷ್ಟು ಮುಂದೆ ಬರಬೇಕೆಂದು ತೀರ್ಮಾನವಾಗುವುದು ಎದುರಾಳಿಯ ತಲೆಯಿಂದ. ಚೆಂಡು ಸಿಕ್ಕ ಆಟಗಾರ್ತಿಯ ಮೈಮೇಲೆ ಇನ್ನೊಬ್ಬಳು ಬಿದ್ದಿದ್ದರೆ, ಅವಳ ತಲೆ ಕೆಳಗಿದ್ದರೆ, ದೂರದ ಒದೆತ ಬರುವುದಿಲ್ಲ, ಕೀಪರ್ ಮುಂದೆಯೇ ಉಳಿಯಬಹುದು. ಅವಳು ತಲೆ ಎತ್ತಿ ನೋಡಿದಳೋ, ಕೀಪರ್ ಕೂಡಲೇ ಹಿಂದೆ ಸರಿಯಬೇಕು. ಎಚ್ಚರ ತಪ್ಪಿ ನಾಲ್ಕು ಹೆಜ್ಜೆ ಹೆಚ್ಚು ಮುಂದಿದ್ದರೆ ಚೆಂಡು ತಲೆಯ ಮೇಲಿಂದ ಹಾರಿ 2.44 ಮೀಟರ್ ಎತ್ತರದ ಅಡ್ಡಪಟ್ಟಿಯ ಕೆಳಗೆ ಇಳಿಯುತ್ತದೆ. ನಾಲ್ಕು ಹೆಜ್ಜೆ ಹಿಂದುಳಿದಿದ್ದರೆ ಫಾರ್ವರ್ಡ್ ಅವಳಿಗಿಂತ ಮೊದಲು ಚೆಂಡು ಮುಟ್ಟುತ್ತಾಳೆ. ಇನ್ನೊಂದು ಸೂಕ್ಷ್ಮವಿದೆ: ಎದುರಾಳಿಯ ಕಾಲು ಚೆಂಡಿಗೆ ತಗಲುವ ಕ್ಷಣದಲ್ಲಿ ಕೀಪರ್‌ನ ಎರಡೂ ಪಾದ ನೆಲದ ಮೇಲಿರಬೇಕು, ಭಾರ ಮುಂಗಾಲಿನ ಮೇಲೆ. ಹೆಜ್ಜೆ ಎತ್ತಿದ ಹೊತ್ತಲ್ಲಿ ಒದೆತ ಬಂದರೆ ಮೊದಲು ಆ ಕಾಲು ಊರಿ ಆಮೇಲೆ ಜಿಗಿಯಬೇಕಾಗುತ್ತದೆ, ಅಷ್ಟರೊಳಗೆ ಚೆಂಡು ಬಲೆಯಲ್ಲಿ. ಹೊಸ ಕೀಪರ್‌ಗಳು ಹೆಚ್ಚಾಗಿ ಗೋಲು ತಿನ್ನುವುದು ಹೀಗೆಯೇ. ನೋಡುವವರು ಜಿಗಿತ ಸಾಲಲಿಲ್ಲ ಅನ್ನುತ್ತಾರೆ, ತಪ್ಪಾಗಿರುವುದು ಅದಕ್ಕೂ ಮೊದಲು.

ಹಾನಾ ಹ್ಯಾಂಪ್ಟನ್ ವಿಷಯದಲ್ಲಿ ಇದಕ್ಕೆ ಇನ್ನಷ್ಟು ತೂಕವಿದೆ. ಹುಟ್ಟಿನಿಂದಲೇ ಅವಳಿಗೆ ಮೆಳ್ಳೆಗಣ್ಣು, ಎಳವೆಯಲ್ಲೇ ಹಲವು ಶಸ್ತ್ರಚಿಕಿತ್ಸೆ. ದೂರ ಅಂದಾಜು ಮಾಡುವುದು ಈಗಲೂ ಕಷ್ಟ. ಫುಟ್‌ಬಾಲನ್ನೇ ವೃತ್ತಿ ಮಾಡಿಕೊಳ್ಳಲಾಗದು ಎಂದು ವೈದ್ಯರು ಹೇಳಿದ್ದರು. ಚೆಂಡು ಎಷ್ಟು ದೂರದಲ್ಲಿದೆ ಎಂದು ಕಣ್ಣು ಸರಿಯಾಗಿ ಹೇಳದಿರುವಾಗ, ನಿಲ್ಲುವ ಜಾಗವನ್ನು ಮೊದಲೇ ಸರಿಮಾಡಿಕೊಳ್ಳುವ ಕೀಪರ್‌ಗೆ ಕೊನೆಯ ಗಳಿಗೆಯ ಅಂದಾಜಿನ ಹೊರೆ ಕಡಿಮೆ. ಆ ದಿನ ಅವಳು ಒಂದೂ ಗೋಲು ಬಿಡಲಿಲ್ಲ. ಚೆಲ್ಸಿಯ ಸ್ಯಾಂಡಿ ಬಾಲ್ಟಿಮೋರ್ ವಿರಾಮಕ್ಕೆ ಸ್ವಲ್ಪ ಮುಂಚೆ ಪೆನಾಲ್ಟಿಯಲ್ಲಿ ಒಂದು, ಕೊನೆಯಲ್ಲಿ ಇನ್ನೊಂದು ಹೊಡೆದಳು, ನಡುವೆ ಕಟರೀನಾ ಮಕಾರಿಯೊ ತಲೆಯಿಂದ ಒಂದು. 3–0. ಅದೇ ವರ್ಷ ಜುಲೈನಲ್ಲಿ, ಯುರೋಪಿನ ದೇಶಗಳ ಯೂರೋ ಟೂರ್ನಿಯ ಫೈನಲ್‌ನ ಪೆನಾಲ್ಟಿ ಸರದಿಯಲ್ಲಿ ಇಂಗ್ಲೆಂಡ್ ಪರ ನಿಂತು ಸ್ಪೇನ್‌ನ ಇಬ್ಬರು ಘಟಾನುಘಟಿಗಳ ಒದೆತ ತಡೆದವಳೂ ಇದೇ ಹ್ಯಾಂಪ್ಟನ್.

ಟಿವಿಯಲ್ಲಿ ಇದ್ಯಾವುದೂ ಕಾಣಿಸುವುದಿಲ್ಲ, ಕ್ಯಾಮೆರಾ ಚೆಂಡಿನ ಹಿಂದೆಯೇ ಓಡುತ್ತದೆ. ವೆಂಬ್ಲಿಗೆ ಹೋಗುವವರು ಕೆಳಗಿನ ಮುಂದಿನ ಸಾಲಿಗೆ ಆಸೆಪಡಬೇಡಿ. ಅಲ್ಲಿ ಮುಖ ಕಾಣುತ್ತದೆ, ಆಟ ಕಾಣುವುದಿಲ್ಲ. ಮೇಲಿನ ಹಂತದಲ್ಲಿ ಕೂತರೆ ಎರಡು ತಂಡಗಳ ಸಾಲುಗಳು ಹಿಗ್ಗುವುದು, ಕುಗ್ಗುವುದು ಪೂರ್ತಿ ಕಣ್ಣಿಗೆ ಬೀಳುತ್ತದೆ. ಎ4 ಹಾಳೆಗಿಂತ ದೊಡ್ಡ ಚೀಲ ಒಳಗೆ ಬಿಡುವುದಿಲ್ಲ. ಪಂದ್ಯ ಮುಗಿದ ಕೂಡಲೇ ವೆಂಬ್ಲಿ ಪಾರ್ಕ್ ನಿಲ್ದಾಣದ ಕಡೆ ನುಗ್ಗುವುದೂ ಬೇಡ. ಅಲ್ಲಿಗೆ ಹೋಗುವ ಒಲಿಂಪಿಕ್ ವೇ ದಾರಿಯ ಮೇಲೆ ಜನರನ್ನು ತಂಡತಂಡವಾಗಿ ನಿಲ್ಲಿಸಿ ಬಿಡುತ್ತಾರೆ. ಗೆದ್ದವರು 107 ಮೆಟ್ಟಿಲು ಹತ್ತಿ ಕಪ್ ಎತ್ತುವುದನ್ನು ನೋಡಿಕೊಂಡೇ ಹೊರಡಿ.

ಆ ಹುಡುಗಿಗೆ ಈ ಕಣ್ಣು ಎಲ್ಲಿಂದ ಬಂತು? ಇಂಗ್ಲೆಂಡಿನಲ್ಲಿ ಅನೇಕ ಬಡಾವಣೆಗಳಲ್ಲಿ ಹೆಣ್ಣುಮಕ್ಕಳ ತಂಡಗಳಿವೆ, ಮಕ್ಕಳ ಆಟಕ್ಕೆ ಮಕ್ಕಳದೇ ಅಳತೆ ಇದೆ. 2024–25ರ ಋತುವಿನಲ್ಲಿ ಒಂಬತ್ತರ ಒಳಗಿನವರು ಏಳೇಳು ಜನ ಆಡುತ್ತಿದ್ದರು, ಗೋಲು 12 ಅಡಿ ಅಗಲ, 6 ಅಡಿ ಎತ್ತರ, ಚೆಂಡು 3ನೇ ಸೈಜಿನದು. ಹನ್ನೊಂದರ ಒಳಗಿನವರಿಗೆ ಲೀಗಿನ ಅಂಕಪಟ್ಟಿ ಪ್ರಕಟಿಸುವುದಿಲ್ಲ. ತುಂಬ ಒಳ್ಳೆಯ ನಿಯಮ ಇನ್ನೊಂದಿದೆ: ಗೋಲಿನ ಮುಂದೆ ಚೆಂಡಿಟ್ಟು ಒದ್ದು ಆಟ ಮತ್ತೆ ಶುರುಮಾಡುವ ಗೋಲ್‌ಕಿಕ್ ಆದಾಗ ಎದುರಾಳಿಗಳೆಲ್ಲ ಹಿಂದಕ್ಕೆ ಹೋಗಿ ನಿಲ್ಲಬೇಕು. ಪುಟ್ಟ ಕೀಪರ್ ಹೆದರಿ ಚೆಂಡನ್ನು ಎಲ್ಲೋ ಒದೆಯುವ ಬದಲು, ಪಕ್ಕದ ಗೆಳತಿಗೆ ನಿಧಾನವಾಗಿ ಪಾಸ್ ಕೊಟ್ಟು ಆಟ ಶುರುಮಾಡಲು ಸಮಯ ಸಿಗುತ್ತದೆ. ಪ್ರತಿ ವಾರಾಂತ್ಯ ಹೀಗೆ ಆಡಿದ ಮಗು ವೆಂಬ್ಲಿಗೆ ಬಂದಾಗ ಚೆಂಡಿಲ್ಲದ ಕಡೆ ನೋಡುವುದು ಸಹಜವೇ.

ಇದು ಮೊದಲಿನಿಂದ ಹೀಗೇ ಇರಲಿಲ್ಲ. 1920ರ ಡಿಸೆಂಬರ್ 26ರಂದು ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ನಲ್ಲಿ ಕಾರ್ಖಾನೆಯ ಹೆಣ್ಣುಮಕ್ಕಳ ತಂಡ ಡಿಕ್ ಕೆರ್ ಲೇಡೀಸ್ ಆಟ ನೋಡಲು 53,000 ಜನ ಸೇರಿದ್ದರು. ಮರುವರ್ಷ ಡಿಸೆಂಬರ್ 5ರಂದು, ಈ ಆಟ ಹೆಂಗಸರಿಗೆ ಹೊಂದುವುದಿಲ್ಲ ಎಂದು ಎಫ್‌ಎ ತನ್ನ ಕ್ಲಬ್‌ಗಳ ಮೈದಾನವನ್ನೆಲ್ಲ ಅವರಿಗೆ ಮುಚ್ಚಿತು. ಅರ್ಧ ಶತಮಾನ ಹಾಗೇ ಕಳೆಯಿತು. 1971ರಲ್ಲಿ ಮೊದಲ ಮಹಿಳಾ ಕಪ್ ಫೈನಲ್ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ನಡೆದು ಸೌತಾಂಪ್ಟನ್ ಗೆದ್ದಿತು. ಫೈನಲ್ ವೆಂಬ್ಲಿಗೆ ಬಂದದ್ದು 2015ರಲ್ಲಿ, ಆಗ ಬಂದವರು 30,710. 2021ರ ಫೈನಲ್ ನಡೆದದ್ದು ಡಿಸೆಂಬರ್ 5ರಂದೇ, ನಿಷೇಧಕ್ಕೆ ಸರಿಯಾಗಿ ನೂರು ವರ್ಷ ತುಂಬಿದ ದಿನ.

ನಮ್ಮಲ್ಲಿ ಇಂಥ ನಿಷೇಧದ ಕಾಗದ ಯಾರೂ ಹೊರಡಿಸಲಿಲ್ಲ. 1980ರಲ್ಲಿ ಕಲ್ಲಿಕೋಟೆಯಲ್ಲಿ ನಡೆದ ಏಷ್ಯಾ ಮಟ್ಟದ ಟೂರ್ನಿಯಲ್ಲಿ ನಮ್ಮ ಹೆಣ್ಣುಮಕ್ಕಳು ರನ್ನರ್ ಅಪ್, 1983ರಲ್ಲಿ ಮತ್ತೊಮ್ಮೆ. ಆದರೆ ಇಂಡಿಯನ್ ವಿಮೆನ್ಸ್ ಲೀಗ್ ಶುರುವಾಗಲು 2017 ಬರಬೇಕಾಯಿತು. 2020ರ ಫೈನಲ್ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಮ್ಮಿನಲ್ಲೇ ನಡೆಯಿತು. ಗೋಕುಲಂ ಕೇರಳ ಮಣಿಪುರದ ಕ್ರಿಪ್ಸಾ ತಂಡವನ್ನು 3–2ರಿಂದ ಸೋಲಿಸಿತು, ನೇಪಾಳದ ಸಬಿತ್ರಾ ಭಂಡಾರಿ ಗೆಲುವಿನ ಗೋಲು ಹೊಡೆದದ್ದು 87ನೇ ನಿಮಿಷದಲ್ಲಿ. 2023ರಲ್ಲಿ ನಮ್ಮದೇ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ ಫೈನಲ್ ಮುಟ್ಟಿತು. ಐಪಿಎಲ್ ಅಂಕಪಟ್ಟಿ ಬಾಯಿಪಾಠ ಹೇಳುವ ಮನೆಗಳಲ್ಲಿ ಈ ಹೆಸರು ಎಷ್ಟು ಜನಕ್ಕೆ ಗೊತ್ತು? 2024–25ರ ಲೀಗಿನಲ್ಲಿ ಎಂಟು ತಂಡ, ತಲಾ 14 ಪಂದ್ಯ. ಇಂಗ್ಲೆಂಡಿನ ಮೇಲ್ದರ್ಜೆಯಲ್ಲಿ ಅದೇ ಋತುವಿನಲ್ಲಿ 12 ತಂಡ, ತಲಾ 22 ಪಂದ್ಯ. ಕಪ್ ಪಂದ್ಯಗಳು ಅದರ ಮೇಲೆ. ಆಡದೆ ಆಟ ಬೆಳೆಯುವುದಾದರೂ ಹೇಗೆ?

ನಮ್ಮ ಶಾಲೆಗಳಲ್ಲಿ ಪಿಟಿ ಪೀರಿಯಡ್ ಬಂದರೆ ಫುಟ್‌ಬಾಲ್ ಹುಡುಗರ ಕಾಲಿಗೆ, ಹುಡುಗಿಯರಿಗೆ ಥ್ರೋಬಾಲ್. ನೋವಾಗುವುದು ಇಲ್ಲೇ. ಆದರೆ ಥ್ರೋಬಾಲ್ ಆಡಿಸುವ ಮೇಷ್ಟ್ರುಗಳ ಕೈಯಲ್ಲಿ ಒಳ್ಳೆಯ ಕೀಪರ್‌ಗಳು ಈಗಾಗಲೇ ಇದ್ದಾರೆ. ಬಂದ ಚೆಂಡನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿಯಬೇಕು, ಮೂರು ಸೆಕೆಂಡಿನೊಳಗೆ ಭುಜದ ಮೇಲಿಂದ ಒಂದೇ ಕೈಯಲ್ಲಿ, ಅಂಗಳದ ಖಾಲಿ ಜಾಗ ಹುಡುಕಿ ಎಸೆಯಬೇಕು. ಕೀಪರ್ ಮಾಡುವುದೂ ಇದನ್ನೇ, ಚೆಂಡು ಕೈಲಿಟ್ಟುಕೊಳ್ಳಲು ಅವಳಿಗೆ ಈಗಿನ ನಿಯಮದಲ್ಲಿ ಎಂಟು ಸೆಕೆಂಡ್ ಇದೆ, ಅಷ್ಟೇ ವ್ಯತ್ಯಾಸ. ಕಲಿಯಬೇಕಾದದ್ದು ಕಾಲಿನ ಕೆಲಸ. 1992ರಿಂದ ತನ್ನ ತಂಡದವರು ಬೇಕೆಂದೇ ಒದ್ದುಕೊಟ್ಟ ಪಾಸನ್ನು ಕೀಪರ್ ಕೈಯಲ್ಲಿ ಮುಟ್ಟುವಂತಿಲ್ಲ. ಹನ್ನೆರಡು ವರ್ಷದ ಥ್ರೋಬಾಲ್ ಹುಡುಗಿಗೆ 4ನೇ ಸೈಜಿನ ಚೆಂಡು ಕೊಟ್ಟು, ಹತ್ತು ಮೀಟರ್ ದೂರದಿಂದ ಪಾಸ್ ಕೊಡುತ್ತ, ಬಲಗಾಲಲ್ಲಿ ತಡೆದು ಎಡಗಾಲಲ್ಲಿ ಒದೆಯಲು, ಆಮೇಲೆ ಕಾಲು ಬದಲಿಸಿ ಒದೆಯಲು ಹೇಳಿ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಅದು ಕೂತ ಮೇಲೆ ಅವಳನ್ನು ಗೋಲಿನಿಂದ ಮುಂದಕ್ಕೆ ನಡೆಸಿ.